ಊರಿಗೆಲ್ಲ ಫ್ರಾಕ್ ಹೊಲಿದಾಯ್ತು, ನನ್ನ ಕ್ರಿಸ್‌ಮಸ್ ಯಾವಾಗ?

ಹೊಲಿಗೆ ಅಕ್ಕ, ಲಿಂಗರಾಜಪುರ:

ಮನೆಯ ಮುಂದಿನ ರೂಮಲ್ಲೇ ಮೆಷಿನ್ ಹಾಕ್ಕೊಂಡು 19 ವರ್ಷ ಆಯ್ತು. ಬ್ಲೌಸು ವರ್ಷವಿಡೀ ಇದ್ದೇ ಇರುತ್ತೆ. ನವೆಂಬರ್ ಬಂತಂದ್ರೆ ಬಿಳಿ ಸ್ಯಾಟಿನ್, ನೆಟ್ಟು, ಕ್ಯಾನ್‌ಕ್ಯಾನ್, ಮನೇಲಿ ಕಾಲಿಡೋಕೆ ಜಾಗ ಇರಲ್ಲ. ಒಂದ್ಸಲ ಸಾರಲ್ಲೂ ಚಮಕಿ ಸಿಕ್ಕಿದೆ. ಡಿಸೆಂಬರ್ 10ಕ್ಕೆ ‘ಆರ್ಡರ್ ತಗೊಳ್ಳೋದಿಲ್ಲ’ ಅಂತ ಬಾಗಿಲಿಗೆ ಬೋರ್ಡ್ ಹಾಕ್ತೀನಿ. ಅದನ್ನ ಓದಿದವರು ಇವತ್ತಿನವರೆಗೂ ಒಬ್ಬರೂ ಇಲ್ಲ. 24ನೇ ತಾರೀಖು ರಾತ್ರಿ ಒಂಬತ್ತಕ್ಕೂ ಯಾರದೋ ಜಿಪ್ ಕಿತ್ತೋಗಿರುತ್ತೆ.

ಹೋದ ವರ್ಷ ರಾತ್ರಿ ಪೂಜೆಗೆ ಹೋದೆ. ಗಂಟೆ ಬಾರಿಸಿ ಮಹಿಮೆ ಗೀತೆ ಹಾಡ್ತಾರಲ್ಲ, ಅಷ್ಟೊತ್ತೂ ನನ್ನ ಕಣ್ಣು ಮುಂದಿನ ಸಾಲಲ್ಲಿದ್ದ ಮಗುವಿನ ಫ್ರಾಕ್ ಮೇಲೇ. ನಾನೇ ಹೊಲಿದಿದ್ದು. ಹೆಮ್ಮಿಂಗ್ ಎರಡು ಇಂಚು ಬಿಚ್ಕೊಂಡಿತ್ತು. ಆಮೇಲೆ ಸ್ವಾಮಿಗಳು ಪ್ರಸಂಗ ಶುರು ಮಾಡಿದ್ದೊಂದು ಗೊತ್ತು. ಎದ್ದಾಗ ಎಲ್ಲರೂ ನಿಂತಿದ್ರು. ಬೇಕರಿಯಿಂದ ತಂದ ಪ್ಲಮ್ ಕೇಕಿನ ಡಬ್ಬ ತೆಗೆದಿದ್ದು 26ಕ್ಕೆ.

ನಮ್ಮೂರು ಕನಕಪುರದ ಕಡೆ. ಅಲ್ಲಿ ಗೋದಲಿಗೆ ರಾಗಿ ಹುಲ್ಲು ಹಾಸ್ತಿದ್ರು, ಕಣದಿಂದ ಹೊತ್ತು ತಂದಿದ್ದು, ಇನ್ನೂ ಹಸೀ ವಾಸನೆ. ಅಮ್ಮ ಕಜ್ಜಾಯ ಮಾಡೋಳು, ಹಿತಕಿದ ಅವರೆಬೇಳೆ ಸಾರು. ಮದುವೆ ಆಗಿ ಇಲ್ಲಿಗೆ ಬಂದ್ಮೇಲೆ ಅತ್ತೆ ಹತ್ರ ಕಲ್ಕಲ್ ಅನ್ನೋ ಕ್ರಿಸ್‌ಮಸ್ ತಿಂಡಿ ಕಲಿತೆ. ಹೊಸ ಬಾಚಣಿಗೆ ಮೇಲೆ ಮೈದಾ ಹಿಟ್ಟು ಒತ್ತಿ ಸುರುಳಿ ಸುತ್ತೋದು. ಅದನ್ನ ಮಾಡಿ ಎಷ್ಟು ವರ್ಷ ಆಯ್ತೋ.

ಬಿ.ಕಾಂ. ಓದ್ತಿರೋ ಮಗ ಮೊನ್ನೆ ಅಂದ: “ಅಮ್ಮ, ನಿನಗೆ ಕ್ರಿಸ್‌ಮಸ್ ಅಂದ್ರೆ ಡೆಲಿವರಿ ಡೇಟು.” ತಮಾಷೆಗೇ ಅಂದಿದ್ದು. ಆದ್ರೂ ಚುಚ್ಚಿದ್ದು ಹೋಗ್ತಿಲ್ಲ.

ಆರ್ಡರ್ ಕಮ್ಮಿ ಮಾಡಿ ಅನ್ಬೇಡಿ, ಇವನ ಫೀಸ್ ಕಟ್ಟೋದೇ ಡಿಸೆಂಬರ್ ದುಡ್ಡಲ್ಲಿ. ಬೇರೆಯವರ ಹಬ್ಬಕ್ಕೆ ದುಡಿಯೋ ನಿಮ್ಮಂಥವರು ನಿಮ್ಮ ಹಬ್ಬ ಹೇಗೆ ಮಾಡ್ಕೋತೀರಿ?

ಭಟ್ಟರ ಮಗಳು, ಚಾಮರಾಜಪೇಟೆ:

ಅಕ್ಕಾ, ನಾವು ಕ್ರಿಶ್ಚಿಯನ್ನರಲ್ಲ, ಆದ್ರೆ ನಿಮ್ಮ ಕಥೆ ನಮ್ಮನೇದೇ. ನಮ್ಮಪ್ಪ ಅಡುಗೆ ಕಾಂಟ್ರಾಕ್ಟು. ಯುಗಾದಿಗೆ ಅವರಿವರ ಮನೆಗೆ 600 ಒಬ್ಬಟ್ಟು ತಟ್ಟೋರು, ನಮ್ಮನೇಲಿ ಬೆಳಿಗ್ಗೆ ಬೇವುಬೆಲ್ಲ, ಮಧ್ಯಾಹ್ನ ಚಿತ್ರಾನ್ನ. ಬೀದಿಯೆಲ್ಲ ಘಮ್ ಅಂತಿದ್ರೆ ನಾನು ಅತ್ತಿದ್ದೂ ಇದೆ.

ನಮ್ಮ ಒಬ್ಬಟ್ಟು ಮೂರನೇ ದಿನ. ಅವತ್ತು ಅಪ್ಪ ಒಲೆ ಹತ್ರ ಬರ್ತಿರಲಿಲ್ಲ, ಅಮ್ಮನೇ ಮಾಡಿ ಬಡಿಸೋಳು. ಪಾರ್ಟಿಗಳು ಫೋನ್ ಮಾಡ್ತಾರೆ ಅಂತ ಫೋನನ್ನ ಅಕ್ಕಿ ಡಬ್ಬದೊಳಗೆ ಹಾಕಿಡೋರು. ಅದು ಅಲ್ಲೇ ಗುಂಯ್ ಅಂತಿತ್ತು, ನಾವು ನಗ್ತಿದ್ವಿ. ಪಂಚಾಂಗ ಒಪ್ಪುತ್ತೋ ಇಲ್ವೋ, ನನಗಂತೂ ಈಗಲೂ ಮೂರನೇ ದಿನವೇ ಯುಗಾದಿ. ಗಂಡನ ಮನೇಲಿ ಇದನ್ನ ಹೇಳಿದ್ರೆ ಯಾರಿಗೂ ಅರ್ಥ ಆಗಲ್ಲ.

ಲೆಕ್ಕದ ಮನುಷ್ಯ:

ಅರ್ಜೆಂಟ್ ರೇಟ್ ಇಡಿ ಮೇಡಂ. 15ರ ನಂತರ ಬಂದ್ರೆ ಒಂದೂವರೆ ಪಟ್ಟು. 24ರ ಜಿಪ್ಪಿಗೆ ಎರಡು ಪಟ್ಟು. ಬೋರ್ಡ್ ತಾನಾಗೇ ಓದ್ತಾರೆ.

ನಿವೃತ್ತ ಮೇಷ್ಟ್ರು, ಕಮ್ಮನಹಳ್ಳಿ:

ತಂಗೀ, ನಲವತ್ತು ವರ್ಷ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಟ್ಟವನು, ಸ್ವಲ್ಪ ಉದ್ದವಾದರೆ ಬೈಯಬೇಡ.

ನೀನು ಅಂಗಡಿಯ ಕ್ಯಾಲೆಂಡರ್ ನೋಡುತ್ತಿದ್ದೀಯ. ಬ್ರಿಗೇಡ್ ರಸ್ತೆಯಲ್ಲಿ ನವೆಂಬರ್ ಕೊನೆಗೇ ಕ್ರಿಸ್‌ಮಸ್ ಶುರುವಾಗಿ 25ಕ್ಕೆ ಮುಗಿಯುತ್ತದೆ. ಚರ್ಚಿನ ಕ್ಯಾಲೆಂಡರ್ ಇದಕ್ಕೆ ತಿರುಗುಮುರುಗು. 25ರ ಹಿಂದಿನ ನಾಲ್ಕು ಭಾನುವಾರ ಆಗಮನ ಕಾಲ, ಅಂದರೆ ಕಾಯುವುದು. ಸ್ವಾಮಿಗಳು ನೇರಳೆ ಬಣ್ಣ ಉಡುವುದು ಅದಕ್ಕೇ. ನೀನು ಹೇಳಿದ ಮಹಿಮೆ ಗೀತೆಯನ್ನೂ ಆ ಭಾನುವಾರಗಳಲ್ಲಿ ಹಾಡುವುದಿಲ್ಲ. ಹಬ್ಬ ಆರಂಭವಾಗುವುದೇ 24ರ ರಾತ್ರಿ. ಎಂಟು ದಿನ ಅಷ್ಟಾಹ, ಜನವರಿ 6 ಮೂವರು ಜ್ಞಾನಿಗಳ ಹಬ್ಬ, ಆಮೇಲೆ ಪ್ರಭುವಿನ ದೀಕ್ಷಾಸ್ನಾನದ ಹಬ್ಬದವರೆಗೂ ಕ್ರಿಸ್‌ಮಸ್ ಕಾಲವೇ. ನಿನ್ನ ಮೆಷಿನ್ ನಿಲ್ಲುವ ಹೊತ್ತಿಗೆ ಸರಿಯಾಗಿ ಹಬ್ಬ ಶುರುವಾಗುತ್ತಿದೆ, ನೀನು ತಪ್ಪಿಹೋಯಿತು ಅನ್ನುತ್ತಿದ್ದೀಯ.

ತಾರೀಖಿನ ಮಾತೂ ಅಷ್ಟೇ. ಯೇಸು ಯಾವ ದಿನ ಹುಟ್ಟಿದ ಅಂತ ಬೈಬಲಿನ ಶುಭಸಂದೇಶಗಳಲ್ಲಿ ಎಲ್ಲೂ ಇಲ್ಲ. ಡಿಸೆಂಬರ್ 25ನ್ನು ರೋಮಿನಲ್ಲಿ ಆಚರಿಸುತ್ತಿದ್ದುದಕ್ಕೆ ನಮಗೆ ಸಿಗುವ ದಾಖಲೆ ನಾಲ್ಕನೇ ಶತಮಾನದ್ದು.

ರಾಗಿ ಹುಲ್ಲು ಅಂದೆಯಲ್ಲ, ಸಂತೋಷವಾಯಿತು. 1223ರಲ್ಲಿ ಇಟಲಿಯ ಗ್ರೆಚ್ಚೋ ಎಂಬಲ್ಲಿ ಸಂತ ಫ್ರಾನ್ಸಿಸ್ ಮಾಡಿದ್ದೂ ಅಷ್ಟೇ: ಹುಲ್ಲು ತುಂಬಿದ ಗೋದಲಿ, ಜೀವಂತ ಎತ್ತು, ಕತ್ತೆ. ಥರ್ಮಾಕೋಲ್ ಗುಹೆ, ಸೀರಿಯಲ್ ಸೆಟ್ಟು ಇವೆಲ್ಲ ನಮ್ಮ ಸೇರ್ಪಡೆ. (ನಮ್ಮ ಬೀದಿಯ ಗೋದಲಿಯಲ್ಲಿ ಈಚೆಗೆ ಡೈನೋಸಾರ್ ಕೂಡ ಇತ್ತು.)

ಇನ್ನೊಂದು. ಲೂಕನ ಶುಭಸಂದೇಶದ 2ನೇ ಅಧ್ಯಾಯ ತೆಗೆದು ನೋಡು. ರಾತ್ರಿ ಕೆಲಸದಲ್ಲಿದ್ದ ಕುರುಬರಿಗೆ ದೂತ ಕೊಟ್ಟ ಗುರುತು ನಕ್ಷತ್ರವಲ್ಲ. ಬಟ್ಟೆ ಸುತ್ತಿ ಗೋದಲಿಯಲ್ಲಿ ಮಲಗಿಸಿದ ಕೂಸು. ಬಟ್ಟೆ, ತಂಗೀ. ನಿನ್ನ ಇಲಾಖೆ.

ಹೊಲಿಗೆ ಅಕ್ಕ, ಲಿಂಗರಾಜಪುರ:

ಎಲ್ಲರಿಗೂ ಥ್ಯಾಂಕ್ಸ್. ಲೆಕ್ಕದ ಸಾರ್, ಒಂದೂವರೆ ಪಟ್ಟು ಬೋರ್ಡ್ ಇವತ್ತೇ ಬರೆಸ್ತೀನಿ. ಎರಡು ಪಟ್ಟು ಕೇಳೋ ಧೈರ್ಯ ನನಗಿಲ್ಲ, ಎಲ್ಲ ಗೊತ್ತಿರೋ ಮುಖಗಳೇ.

ಮೇಷ್ಟ್ರೇ, ನೀವು ಹೇಳಿದ್ಮೇಲೆ ಲೂಕನನ್ನ ತೆಗೆದು ನೋಡಿದೆ. ಬೇಜಾರು ಮಾಡ್ಕೋಬೇಡಿ, ಅದು ನನ್ನ ಇಲಾಖೆ ಅಲ್ಲ. ಕೂಸಿಗೆ ಬಟ್ಟೆ ಸುತ್ತೋಕೆ ಟೈಲರ್ ಯಾಕೆ? ಅಳತೆ ಇಲ್ಲ, ಕಟಿಂಗ್ ಇಲ್ಲ, ಟ್ರಯಲ್ ಇಲ್ಲ, ‘ಕಂಕುಳಲ್ಲಿ ಹಿಡಿಯುತ್ತೆ’ ಅನ್ನೋರಿಲ್ಲ. ಮರಿಯಮ್ಮ ಕೈಗೆ ಸಿಕ್ಕಿದ್ದನ್ನ ಸುತ್ತಿದ್ಲು ಅಷ್ಟೇ. ಆದ್ರೆ ಅದನ್ನೇ ಯೋಚನೆ ಮಾಡ್ತಾ ನಿನ್ನೆ ಎರಡು ಫ್ರಾಕಿಗೆ ಕಾಜಾ ಹೊಲಿದು ಮುಗಿಸಿದೀನಿ, ಬೆನ್ನು ನೋವು ಕೂಡ ಗೊತ್ತಾಗಲಿಲ್ಲ. ಯಾಕೋ ಗೊತ್ತಿಲ್ಲ.

ಭಟ್ಟರ ಮಗಳೇ, ಮಗನಿಗೆ ನಿಮ್ಮಪ್ಪನ ಫೋನಿನ ಕಥೆ ಓದಿ ಹೇಳಿದೆ. 27ಕ್ಕೆ ಕಲ್ಕಲ್ ಅಂತ ಅವನೇ ಹೇಳಿದ. ಬಾಚಣಿಗೆ ಅವನೇ ತರ್ತಾನಂತೆ, ಮೈದಾ ನಾನು. ಗೋದಲಿ ಈ ಸಲ 6ರವರೆಗೂ ತೆಗೆಯಲ್ಲ. ರಾಗಿ ಹುಲ್ಲು ಊರಿಂದ ತರಿಸಬೇಕು, ತಮ್ಮನಿಗೆ ಹೇಳಿದೀನಿ, ನೋಡೋಣ.

ಗೇಟ್ ಸದ್ದು. ಜಿಪ್ ಅಂತೆ. ಬರ್ತೀನಿ.