ಪದಚರ್ಚೆ: ಮೆಮೊರಿ ಕಾರ್ಡಿಗೆ ಕನ್ನಡದಲ್ಲಿ ಏನೆನ್ನಬೇಕು? (ನಾಳೆ ಸಂಜೆ ಅಚ್ಚಿಗೆ ಹೋಗಬೇಕು)

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯಲ್ಲಿ ಕ್ಯಾಮೆರಾ ಸಾಮಾನು ಮಾರುವ ಅಂಗಡಿಯೊಂದಕ್ಕೆ ಫಲಕವನ್ನೂ ಒಂದು ಪುಟದ ಕರಪತ್ರವನ್ನೂ ಬರೆದುಕೊಡಲು ಒಪ್ಪಿಕೊಂಡಿದ್ದೇನೆ. ಮೆಮೊರಿ ಕಾರ್ಡ್ ಕೊಳ್ಳುವ ಮುನ್ನ ಏನೇನು ನೋಡಬೇಕು ಎಂಬುದು ಕರಪತ್ರದ ವಿಷಯ. ಜಗಳೂರು, ಚನ್ನಗಿರಿ ಕಡೆಯ ಹಳ್ಳಿಗಳಿಂದ ಬರುವ ಮದುವೆ ಫೋಟೊಗ್ರಾಫರುಗಳು ಓದಿ ತಿಳಿಯುವಂತಿರಬೇಕು ಎಂದು ಅಂಗಡಿಯವರು ಹೇಳಿದ್ದಾರೆ. ನಾನು ‘ಸ್ಮೃತಿಪತ್ರ’ ಎಂದು ಬರೆದು ತೋರಿಸಿದೆ. ಅವರು ಎರಡು ಸಲ ಓದಿ, “ಇದು ಯಾರಾದರೂ ತೀರಿಕೊಂಡಾಗ ಹಂಚುವುದಲ್ಲವೇ?” ಎಂದು ಕೇಳಿದರು.

ಹೆಸರು ಸಿಕ್ಕಿದರೂ ಮುಂದೆ ರೀಡ್ ಸ್ಪೀಡ್, ರೈಟ್ ಸ್ಪೀಡ್, ಕ್ಲಾಸ್, ಫಾರ್ಮ್ಯಾಟ್ ಇವೆ. ನಾಳೆ ಸಂಜೆ ಐದಕ್ಕೆ ಅಚ್ಚಿಗೆ ಕೊಡಬೇಕು. ದಯವಿಟ್ಟು ದಾರಿ ತೋರಿಸಿ.

*

‘ನೆನಪೋಲೆ’.

ನೆನಪು, ಓಲೆ ಎರಡೂ ಅಚ್ಚಗನ್ನಡ, ಲೋಪಸಂಧಿ ಸಲೀಸು. ಬರೆದಿಡುವ ಗರಿಗೆ ಹಿರಿಯರು ಇಟ್ಟ ಹೆಸರು ಓಲೆ. ‘ಕಾರ್ಡ್’ ಎಂಬುದನ್ನು ಬೆನ್ನಟ್ಟಿ ಹೋದರೂ ಸಿಗುವುದು ಗ್ರೀಕರು ಪಪೈರಸ್ ಹಾಳೆಗೆ ಇಟ್ಟುಕೊಂಡಿದ್ದ ಹೆಸರೇ. ಗಿಡದ ಹಾಳೆಗೆ ಗಿಡದ ಹಾಳೆ, ಸರಿಹೋಯಿತು. ಒಳಗಿರುವ ಫ್ಲ್ಯಾಶ್ ಮೆಮೊರಿಗೆ ‘ಮಿಂಚುನೆನಪು’ ಎನ್ನಿ, ಮಿಂಚಿನ ವೇಗ ಅದರಲ್ಲಿ ಬರುತ್ತದೆ. ಉಳಿದವು ಓದುವ ವೇಗ, ಬರೆಯುವ ವೇಗ, ತರಗತಿ, ಅಳಿಸು. ‘ನೆನಪುಕಾರ್ಡ್’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ: ಅದು ಅರಿಸಮಾಸ, ಕೂಡಬಾರದ ಎರಡು ಭಾಷೆಗಳ ಪದಗಳ ಜೋಡಣೆ. ಮೆಮೊರಿ ಕಾರ್ಡ್ ಎಂದೇ ಬರೆಯುವುದಾದರೆ ಇಲ್ಲಿ ಕೇಳುವ ಅಗತ್ಯವೇ ಇರಲಿಲ್ಲ.

ಚಿತ್ರದುರ್ಗದಿಂದ

*

ಮೇಷ್ಟ್ರೇ, ನೆನಪೋಲೆ ಚೆಂದದ ಪದ, ಆದರೆ ಅದು ಖಾಲಿ ಇಲ್ಲ. ಉತ್ತರ ಬಾರದಿದ್ದಾಗ ಹಿಂದಿನ ಪತ್ರವನ್ನು ನೆನಪಿಸಿ ಬರೆಯುವ ಎರಡನೆಯ ಪತ್ರಕ್ಕೆ ಕಚೇರಿಗಳು ಆ ಹೆಸರನ್ನು ಎಂದೋ ಕೊಟ್ಟಿವೆ. ಅಂಗಡಿಯ ಮೇಲೆ ‘ಇಲ್ಲಿ ನೆನಪೋಲೆ ದೊರೆಯುತ್ತದೆ’ ಎಂದಿದ್ದರೆ ಕಂದಾಯ ಇಲಾಖೆಯ ಗುಮಾಸ್ತರಿಗೆ ಅರ್ಥವಾಗುವುದೇ ಬೇರೆ.

ಮಿಂಚುನೆನಪು ಅರ್ಥದಲ್ಲೇ ತಪ್ಪು. 1980ರ ದಶಕದಲ್ಲಿ ತೋಷಿಬಾದಲ್ಲಿ ಫ್ಯೂಜಿಯೊ ಮಸುವೊಕ ಈ ಬಗೆಯ ಮೆಮೊರಿಯನ್ನು ರೂಪಿಸಿದಾಗ ‘ಫ್ಲ್ಯಾಶ್’ ಎಂಬ ಹೆಸರನ್ನು ಸೂಚಿಸಿದವರು ಅವರ ಸಹೋದ್ಯೋಗಿ. ಒಳಗಿರುವುದೆಲ್ಲ ಒಂದೇ ಏಟಿಗೆ ಅಳಿಸಿಹೋಗುವುದು ಅವರಿಗೆ ಕ್ಯಾಮೆರಾದ ಫ್ಲ್ಯಾಶ್ ಹೊಳೆದಂತೆ ಕಂಡಿತು. ಹೆಸರು ಹುಟ್ಟಿದ್ದು ಅಳಿಸುವ ರೀತಿಯಿಂದ. ವೇಗದ ಮಿಂಚನ್ನು ಅದಕ್ಕೆ ತಗುಲಿಸಬೇಡಿ.

ಅರಿಸಮಾಸದ ಮಾತನ್ನೂ ಮುಗಿಸುತ್ತೇನೆ. ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜ ಹೇಳಿದ್ದು ಕನ್ನಡದ ಜೊತೆ ಸಂಸ್ಕೃತ ಕೂಡುವ ಬಗ್ಗೆ. ಅಲ್ಲಿಯೂ ಬಿರುದುಗಳಿಗೆ, ಹಿಂದಿನ ಕವಿಗಳ ಬಳಕೆಗೆ ಅವನೇ ಜಾಗ ಬಿಟ್ಟಿದ್ದಾನೆ. ರೈಲುಗಾಡಿ, ಬಸ್ಸುನಿಲ್ದಾಣಗಳ ಮೇಲೆ ಅವನ ಹೆಸರಿನಲ್ಲಿ ಮೊಕದ್ದಮೆ ಹೂಡುವುದು ನ್ಯಾಯವಲ್ಲ.

ರೀಲಿನ ಕಾಲದಿಂದ ಸ್ಟುಡಿಯೊ ನಡೆಸಿಕೊಂಡು ಬಂದವನು ನಾನು. ಈ ವಸ್ತುವಿಗೆ ನಮ್ಮ ಊರಿನ ಜನ ಯಾರನ್ನೂ ಕೇಳದೆ ಎರಡು ಹೆಸರು ಮಾಡಿಕೊಂಡಿದ್ದಾರೆ. ಮೊಬೈಲಿಗೆ ಹಾಕುವ, ಉಗುರಿನಷ್ಟು ಚಿಕ್ಕದು ‘ಚಿಪ್ಪು’, ಕ್ಯಾಮೆರಾಕ್ಕೆ ಹಾಕುವುದು ‘ಕಾರ್ಡು’. ಮೊದಲನೆಯದು 15 ಮಿ.ಮೀ. ಉದ್ದ, 11 ಮಿ.ಮೀ. ಅಗಲದ ಮೈಕ್ರೊ ಎಸ್‌ಡಿ. ಎರಡನೆಯದು 32 ಮಿ.ಮೀ. ಉದ್ದ, 24 ಮಿ.ಮೀ. ಅಗಲದ ಎಸ್‌ಡಿ. ಚಿಪ್ಪಿಗೆ ಹಾಡು ಹಾಕಿಸುತ್ತಾರೆ, ಚಿಪ್ಪಿನಲ್ಲಿ ಜಾಗವಿಲ್ಲ ಎನ್ನುತ್ತಾರೆ. ವಿಭಕ್ತಿ ಹತ್ತಿದ ಕೂಡಲೇ ಅದು ಕಪ್ಪೆಚಿಪ್ಪಿನ, ತೆಂಗಿನ ಚಿಪ್ಪಿನ ಚಿಪ್ಪೇ ಆಗಿಬಿಟ್ಟಿದೆ. ಇಂಗ್ಲಿಷಿನ ಚಿಪ್ ಎಂದರೆ ಸೀಳಿ ಹಾರಿದ ಚೂರು. ನಮ್ಮ ಚಿಪ್ಪು ಒಳಗಿನ ಮೆತ್ತಗಿನದನ್ನು ಕಾಯುವ ಗಟ್ಟಿ ಹೊದಿಕೆ. ತಮಿಳಿನ ಸಿಪ್ಪಿ, ತೆಲುಗಿನ ಚಿಪ್ಪ ಅದರ ಒಡಹುಟ್ಟುಗಳು. ಎರಡು ಬೇರೆ ಬೇರಿನ ಪದಗಳು ಒಂದು ಅಂಗಡಿಯ ಕಟ್ಟೆಯಲ್ಲಿ ಬಂದು ಸೇರಿವೆ. ಪ್ಲಾಸ್ಟಿಕ್ ಹೊದಿಕೆಯೊಳಗೆ ಚಿತ್ರ ಕಾದಿಡುವ ವಸ್ತುವಿಗೆ ಇದಕ್ಕಿಂತ ಒಪ್ಪುವ ಹೆಸರನ್ನು ಯಾವ ಸಮಿತಿಯೂ ಕೊಡಲಾರದು. ಕೈಗೆ ಚಿಪ್ಪು ಬರುವುದೆಂದರೆ ಭಿಕ್ಷೆಗೆ ಇಳಿಯುವುದು ಎಂದು ಯಾರಾದರೂ ಆಕ್ಷೇಪಿಸಬಹುದು. ಮುತ್ತು ಹುಟ್ಟುವುದೂ ಚಿಪ್ಪಿನಲ್ಲೇ.

ಆದರೂ ಫಲಕದಲ್ಲಿ ‘ಮೆಮೊರಿ ಕಾರ್ಡು’ ಎಂದೇ ಬರೆಯಿರಿ. ಕೊಳ್ಳಲು ಬಂದವನು ಹುಡುಕುವುದು ಆ ಪದವನ್ನು. ನಾನು ಪಾಲಿಸುವ ನಿಯಮ ಇಷ್ಟೇ: ವಸ್ತುವಿನ ಮೇಲೆ, ಕ್ಯಾಮೆರಾದ ಪರದೆಯ ಮೇಲೆ ಏನು ಅಚ್ಚಾಗಿದೆಯೋ ಅದನ್ನು ಹಾಗೆಯೇ ಕನ್ನಡ ಅಕ್ಷರದಲ್ಲಿ ಕೊಡಬೇಕು, ಅದು ಏನು ಮಾಡುತ್ತದೆ ಎಂಬುದನ್ನು ಮಾತ್ರ ಕನ್ನಡದಲ್ಲಿ ಬಿಡಿಸಿ ಹೇಳಬೇಕು. ನಾವು ನಾಮಪದಕ್ಕೆ ಗುದ್ದಾಡುತ್ತೇವೆ. ಅನುವಾದ ಕೆಡುವುದು ಕ್ರಿಯಾಪದದಲ್ಲಿ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಹೋದ ವೈಶಾಖದಲ್ಲಿ ಹರಿಹರದ ಮದುವೆಯೊಂದಕ್ಕೆ ಹೊಸ ಕಾರ್ಡು ತರಲು ನಮ್ಮ ಹುಡುಗನನ್ನು ಕಳುಹಿಸಿದ್ದೆ. ಅವನಿಗೆ ಸಿಕ್ಕಿದ ಕನ್ನಡ ಕರಪತ್ರದಲ್ಲಿ ‘ವೇಗ 100’ ಎಂದು ಮಾತ್ರ ಇತ್ತು. ಕಾರ್ಡಿನ ಮೇಲೂ 100 ಎಂದು ದಪ್ಪಗೆ ಅಚ್ಚಾಗಿತ್ತು. ನಮ್ಮ ವಿಡಿಯೊಗೆ ಬೇಕಾದದ್ದೂ ಸೆಕೆಂಡಿಗೆ 100, ಸರಿಹೊಂದಿತು ಎಂದುಕೊಂಡ. ಆದರೆ ವಿಡಿಯೊದ 100 ಮೆಗಾಬಿಟ್ ಲೆಕ್ಕ. ಎಂಟು ಬಿಟ್‌ಗೆ ಒಂದು ಬೈಟ್, ಆದ್ದರಿಂದ ಸೆಕೆಂಡಿಗೆ 12.5 ಮೆಗಾಬೈಟ್. ಕಾರ್ಡಿನ 100 ಮೆಗಾಬೈಟ್ ಲೆಕ್ಕವೇ ಹೌದು, ಆದರೆ ಅದು ಚಿತ್ರಗಳನ್ನು ಕಂಪ್ಯೂಟರಿಗೆ ತೆಗೆದುಕೊಳ್ಳುವಾಗಿನ ಗರಿಷ್ಠ ವೇಗ. ಒಳಗೆ ಬಿಡುವಿಲ್ಲದೆ ತುಂಬುವಾಗ ಆ ಕಾರ್ಡು ಭರವಸೆ ಕೊಡುವುದು 10 ಮೆಗಾಬೈಟಿಗೆ. ಅದನ್ನು ಮೂಲೆಯಲ್ಲಿ ಚಿಕ್ಕ ವೃತ್ತದೊಳಗೆ 10 ಎಂದು ಬರೆದಿರುತ್ತಾರೆ. ಧಾರೆ ಎರೆಯುವ ಹೊತ್ತಿಗೆ ರೆಕಾರ್ಡಿಂಗ್ ನಿಂತುಹೋಯಿತು. ಹುಡುಗಿಯ ತಂದೆ ನನ್ನನ್ನು ಬೈಯಲಿಲ್ಲ. “ಆ ಭಾಗ ಇಲ್ಲವೇ?” ಎಂದು ಒಂದೇ ಮಾತು ಕೇಳಿದರು.

ಆದ್ದರಿಂದ ಬರಿಯ ‘ವೇಗ’ ಎಂದು ಎಲ್ಲಿಯೂ ಬರೆಯಬೇಡಿ. ಓದುವ ವೇಗ, ಬರೆಯುವ ವೇಗ ಎಂಬ ಮೇಷ್ಟ್ರ ಸಲಹೆ ಕಂಪ್ಯೂಟರ್ ಬಲ್ಲವರಿಗೆ ಸಾಕು. ಉಳಿದವರು ಯಾರು ಓದುವುದು, ಯಾರು ಬರೆಯುವುದು ಎಂದು ಕೇಳುತ್ತಾರೆ. ನನ್ನ ಸಲಹೆ ‘ತುಂಬುವ ವೇಗ’, ‘ಇಳಿಸುವ ವೇಗ’. ಮೆಕ್ಕೆಜೋಳ ತುಂಬಿದ ಲಾರಿಗಳನ್ನು ದಿನವೂ ನೋಡುವ ಈ ಊರಿನಲ್ಲಿ ತುಂಬುವುದು ಯಾವುದು, ಇಳಿಸುವುದು ಯಾವುದು ಎಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಸ್ಟುಡಿಯೊಗಳಲ್ಲಿ ‘ಫೋಟೊ ಇಳಿಸಿಕೊಂಡೆಯಾ?’ ಎಂದೇ ಕೇಳುತ್ತೇವೆ. ನಾನು ಮೊದಲು ‘ತೆಗೆಯುವ ವೇಗ’ ಎಂದು ಯೋಚಿಸಿದ್ದೆ. ಫೋಟೊ ತೆಗೆಯುವುದು ಎಂಬ ಅರ್ಥ ಅಡ್ಡ ಬರುತ್ತದೆ, ಅದನ್ನು ಬಿಟ್ಟೆ.

ಕ್ಲಾಸ್ ಎಂಬುದಕ್ಕೆ ತರಗತಿ ಬೇಡ, ಅದು ಶಾಲೆಯದು. ವರ್ಗ ಎಂದರೆ ಮೀಸಲಾತಿ ನೆನಪಾಗುತ್ತದೆ. ‘ದರ್ಜೆ’ ಎನ್ನಿ; ಪ್ರಥಮ ದರ್ಜೆ ಸಹಾಯಕರನ್ನು ಎಲ್ಲರೂ ಬಲ್ಲರು. ಕಾರ್ಡಿನ ಮೇಲೆ ದರ್ಜೆ 10 ಅಥವಾ ಯು1 ಎಂಬ ಗುರುತು ಇದ್ದರೆ ಕನಿಷ್ಠ ತುಂಬುವ ವೇಗ ಸೆಕೆಂಡಿಗೆ 10, ಯು3 ಅಥವಾ ವಿ30 ಇದ್ದರೆ 30, ವಿ60 ಇದ್ದರೆ 60, ವಿ90 ಇದ್ದರೆ 90 ಮೆಗಾಬೈಟ್. ‘ಕನಿಷ್ಠ’ ಎಂಬ ಪದವನ್ನು ಜಾಗ ಸಾಲದೆಂದು ಕತ್ತರಿಸಬೇಡಿ, ಕಾರ್ಡು ಆರಿಸುವವನಿಗೆ ಬೇಕಾದ ಭರವಸೆ ಇರುವುದೇ ಅದರಲ್ಲಿ. ಕಾರ್ಡಿನಲ್ಲಿ ಎಷ್ಟು ಹಿಡಿಸುತ್ತದೆ ಎಂದು ತಿಳಿಸುವ ಎಸ್‌ಡಿಎಚ್‌ಸಿ, ಎಸ್‌ಡಿಎಕ್ಸ್‌ಸಿ ಎಂಬ ಗುರುತುಗಳನ್ನು ಅನುವಾದಿಸಲು ಹೋಗಬೇಡಿ. ಮೊದಲನೆಯದು 32 ಗಿಗಾಬೈಟ್‌ವರೆಗೆ, ಎರಡನೆಯದು ಅದರ ಮೇಲೆ 2 ಟೆರಾಬೈಟ್‌ವರೆಗೆ. ಹಳೆಯ ಕ್ಯಾಮೆರಾ ಎರಡನೆಯದನ್ನು ಗುರುತಿಸದೆ ಇರಬಹುದು, ಕೊಳ್ಳುವ ಮುನ್ನ ಕ್ಯಾಮೆರಾದ ಕೈಪಿಡಿ ನೋಡಿ ಎಂದು ಸೇರಿಸಿದರೆ ಆಯಿತು.

ಇಡೀ ಕಾರ್ಡನ್ನು ಒಮ್ಮೆಗೇ ಖಾಲಿ ಮಾಡುವ ಫಾರ್ಮ್ಯಾಟ್ ಎಂಬುದಕ್ಕೆ ‘ಅಳಿಸು’ ಎಂದು ಬರೆದರೆ ಅಪಾಯ. ಒಂದು ಚಿತ್ರ ಬೇಡವೆಂದು ತೆಗೆಯುವುದೂ ಅಳಿಸುವುದೇ. ಪರದೆಯಲ್ಲಿ ಎರಡೂ ಬೇರೆಬೇರೆ ಕಡೆ ಇವೆ, ಬೆರಳು ತಪ್ಪಿದರೆ ಇಡೀ ಮದುವೆ ಹೋಗುತ್ತದೆ. ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಿದಾಗ ಸಾಮಾನ್ಯವಾಗಿ ಅಳಿಯುವುದು ಚಿತ್ರಗಳ ಪಟ್ಟಿ ಮಾತ್ರ, ಚಿತ್ರಗಳು ಹೊಸದು ಬಂದು ಕೂರುವವರೆಗೆ ಒಳಗೇ ಇರುತ್ತವೆ; ಆದ್ದರಿಂದಲೇ ಎಷ್ಟೋ ಸಲ ಅವನ್ನು ಮರಳಿ ಪಡೆಯಲು ಆಗುತ್ತದೆ. ‘ಫಾರ್ಮ್ಯಾಟ್’ ಎಂದೇ ಇಟ್ಟು, ಕೆಳಗೆ ‘ಮೊದಲು ಎಲ್ಲವನ್ನೂ ಇಳಿಸಿಕೊಳ್ಳಿ, ಆಮೇಲೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ’ ಎಂದು ದಪ್ಪ ಅಕ್ಷರದಲ್ಲಿ ಹಾಕಿ.

ದಾವಣಗೆರೆಯಿಂದ

*

ತುಂಬುವ ವೇಗ, ಇಳಿಸುವ ವೇಗ ಒಪ್ಪಿದೆ. ನೆನಪೋಲೆಯನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಉಳಿದದ್ದು ಶರಣಾಗತಿ. ಕಾರ್ಡು ಇಂಗ್ಲಿಷಿನದು, ದರ್ಜೆ ಅರಬ್ಬಿಯದು, ಫಾರ್ಮ್ಯಾಟ್ ಲ್ಯಾಟಿನ್ನಿನ ಮೊಮ್ಮಗು. ಅಚ್ಚಾಗಿ ಬಂದದ್ದನ್ನೆಲ್ಲ ಹಾಗೆಯೇ ಬಿಟ್ಟುಕೊಂಡರೆ ಪದ ಕಟ್ಟುವ ಕೈ ಮರೆತುಹೋಗುತ್ತದೆ. ನಲವತ್ತು ವರ್ಷ ಪಾಠ ಮಾಡಿದವನ ಆತಂಕವಿದು, ಹಟವಲ್ಲ.

ಚಿತ್ರದುರ್ಗದಿಂದ

*

ಆತಂಕ ನನಗೂ ಇದೆ ಮೇಷ್ಟ್ರೇ. ಆದರೆ ನಿಮ್ಮ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯನ್ನು ಒಮ್ಮೆ ನೆನೆಯಿರಿ. ಅಶೋಕನ ಆ ಶಾಸನದ ಭಾಷೆ ಪ್ರಾಕೃತ. ಬರೆದ ಚಪಡ ಎಲ್ಲವನ್ನೂ ಬ್ರಾಹ್ಮಿಯಲ್ಲಿ ಬರೆದು, ‘ಲಿಪಿಕರೇಣ’ (ಲಿಪಿಕಾರನಿಂದ) ಎಂಬ ಕೊನೆಯ ಪದವನ್ನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಆ ‘ಲಿಪಿ’ಯೂ ಹಳೆಯ ಪಾರಸಿಯ ‘ದಿಪಿ’ಯಿಂದ ಬಂದದ್ದೆಂದು ಅನೇಕ ವಿದ್ವಾಂಸರ ಮತ, ವಾಯವ್ಯದ ಶಾಸನಗಳಲ್ಲಿ ‘ದಿಪಿ’ ಎಂಬ ರೂಪವೇ ಇದೆ. ಇಂದು ಕನ್ನಡ ಲಿಪಿ ಎನ್ನುವಾಗ ನಮಗೆ ಪಾರಸಿ ನೆನಪಾಗುವುದಿಲ್ಲ.

ಪದ ಕಟ್ಟಬೇಡಿ ಎಂದು ನಾನು ಹೇಳುತ್ತಿಲ್ಲ. ಕ್ಯಾಸೆಟ್ಟಿಗೆ ಕಟ್ಟಿದ ‘ಧ್ವನಿಸುರುಳಿ’ಯನ್ನು ಜನ ಒಪ್ಪಿದರು, ಏಕೆಂದರೆ ಸುರುಳಿ ಕಣ್ಣಿಗೆ ಕಾಣುತ್ತಿತ್ತು. ಸಿ.ಡಿ.ಗೆ ಕಟ್ಟಿದ ‘ಸಾಂದ್ರಮುದ್ರಿಕೆ’ ಆಮಂತ್ರಣ ಪತ್ರಿಕೆಯಿಂದ ಹೊರಗೆ ಬರಲಿಲ್ಲ. ಅದರಲ್ಲಿ ಯಾವುದು ಸಾಂದ್ರ, ಯಾವುದು ಮುದ್ರಿಕೆ ಎಂದು ಹಾಡು ಕೇಳುವವರಿಗೆ ಕಾಣಲಿಲ್ಲ.

*

ಇಬ್ಬರಿಗೂ ವಂದನೆಗಳು. ಅಂಗಡಿಯವರು ಒಪ್ಪಿದ ಮೊದಲ ಸಾಲು ಹೀಗಿದೆ: ‘ಮೆಮೊರಿ ಕಾರ್ಡು ಕೊಳ್ಳುವ ಮುನ್ನ ಕನಿಷ್ಠ ತುಂಬುವ ವೇಗ ನೋಡಿ. ದಪ್ಪಗೆ ಅಚ್ಚಾಗಿರುವುದು ಸಾಮಾನ್ಯವಾಗಿ ಇಳಿಸುವ ವೇಗ.’ ಚಿಪ್ಪು ಕೂಡ ಒಂದು ಕಡೆ ಬಂದಿದೆ. ಅಚ್ಚಿನ ಮನೆಯಲ್ಲಿ ಕುಳಿತಿದ್ದೇನೆ, ಇನ್ನೊಂದೇ ಸಂದೇಹ: ‘ಕಾರ್ಡ್‌ಗಳು’ ಎಂದೋ ‘ಕಾರ್ಡುಗಳು’ ಎಂದೋ?

*

‘ಕಾರ್ಡುಗಳು’. ಬಸ್ಸುಗಳು, ಕಾರುಗಳು ಎಂದು ಬರೆಯುವವರಿಗೆ ಈ ಸಂದೇಹ ಬರಬಾರದು. ‘ಫೋಟೊ’ಗೆ ಕೊನೆಯಲ್ಲಿ ದೀರ್ಘ ಹಾಕದಂತೆಯೂ ಅವರಿಗೆ ಹೇಳಿ.

ಚಿತ್ರದುರ್ಗದಿಂದ