ಬ್ರಾಂಕೋಡೈಲೇಟರ್: ‘ಹಿಗ್ಗಿಸುವ’ ಔಷಧವೋ, ‘ಸಡಿಲಿಸುವ’ ಔಷಧವೋ?

ಎಲ್ಲರಿಗೂ ನಮಸ್ಕಾರ.

ಅಸ್ತಮಾ ಇರುವವರಿಗೆ ಇನ್‌ಹೇಲರ್ ಬಳಸುವ ಬಗೆ ತಿಳಿಸುವ ಪುಟ್ಟ ಕೈಪಿಡಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಓದುವವರು ಹೆಚ್ಚಾಗಿ ವಯಸ್ಸಾದವರು ಮತ್ತು ಮಕ್ಕಳ ತಾಯಂದಿರು. ಅದರಲ್ಲಿ ಪುಟಕ್ಕೆ ನಾಲ್ಕು ಸಲ ಎದುರಾಗುವ ಪದ ‘ಬ್ರಾಂಕೋಡೈಲೇಟರ್’. ಆರೋಗ್ಯ ಅಂಕಣಗಳಲ್ಲಿ ಇದನ್ನು ‘ಶ್ವಾಸನಾಳ ಹಿಗ್ಗಿಸುವ ಔಷಧ’ ಎಂದೋ ‘ಶ್ವಾಸನಾಳ ವಿಸ್ತಾರಕ’ ಎಂದೋ ಬರೆಯುವುದುಂಟು. ತಪ್ಪೆಂದು ತಳ್ಳಿಹಾಕುವಂಥವಲ್ಲ. ಆದರೆ ಆ ಪದಗಳು ಓದುಗರ ಕಣ್ಣ ಮುಂದೆ ಕಟ್ಟುವ ಚಿತ್ರಕ್ಕೂ ಎದೆಯೊಳಗೆ ನಡೆಯುವುದಕ್ಕೂ ತಾಳೆಯಾಗುವುದಿಲ್ಲ ಎಂಬುದು ನನ್ನ ತಕರಾರು.

ಮೊದಲು ‘ಶ್ವಾಸನಾಳ’. ಗಂಟಲಿನಿಂದ ಎದೆಗೆ ಇಳಿಯುವ ದಪ್ಪ ಕೊಳವೆಗೂ, ಅದು ಎರಡಾಗಿ ಒಡೆದು ಶ್ವಾಸಕೋಶದೊಳಗೆ ಮತ್ತೆ ಮತ್ತೆ ಕವಲಾಗುವ ಸಣ್ಣ ಕೊಳವೆಗಳಿಗೂ ನಾವು ಇದೊಂದೇ ಹೆಸರನ್ನು ಅಂಟಿಸಿದ್ದೇವೆ. ಅಸ್ತಮಾದಲ್ಲಿ ತೊಂದರೆ ದಪ್ಪ ಕೊಳವೆಯದ್ದಲ್ಲ. ಅದಕ್ಕೆ ಹಿಂಬದಿ ತೆರೆದಿರುವ ಮೃದ್ವಸ್ಥಿಯ ಬಳೆಗಳ ಆಧಾರವಿದೆ, ಸುಲಭಕ್ಕೆ ಮುಚ್ಚಿಕೊಳ್ಳುವುದಿಲ್ಲ. ಒಳಗೆ ಹೋದಂತೆ ಮೃದ್ವಸ್ಥಿ ತೆಳುವಾಗುತ್ತ, ತೀರಾ ಸಣ್ಣ ಕವಲುಗಳಲ್ಲಿ ಇಲ್ಲವೇ ಇಲ್ಲ. ಅಲ್ಲಿ ಕೊಳವೆಯ ಸುತ್ತ ಸ್ನಾಯು ಹೆಣೆದುಕೊಂಡಿದೆ. ನಮ್ಮ ಇಚ್ಛೆಗೆ ಒಳಪಡದ ಆ ಸ್ನಾಯು ಧೂಳಿಗೋ ಪರಾಗಕ್ಕೋ ಚಳಿಗಾಳಿಗೋ ಕೆರಳಿ ಬಿಗಿದುಕೊಂಡಾಗ ಕೊಳವೆ ಇಕ್ಕಟ್ಟಾಗುತ್ತದೆ. ವ್ಯಾಸ ಅರ್ಧಕ್ಕೆ ಇಳಿದರೆ ಗಾಳಿಯ ಹರಿವಿಗೆ ಒದಗುವ ತಡೆ ಲೆಕ್ಕದ ಪ್ರಕಾರ ಎರಡು ಪಟ್ಟಲ್ಲ, 16 ಪಟ್ಟು. ಸ್ವಲ್ಪವೇ ಬಿಗಿದರೂ ಮನುಷ್ಯ ಏದುಸಿರು ಬಿಡುವುದು, ಸ್ವಲ್ಪವೇ ಸಡಿಲವಾದರೂ ಹೋದ ಜೀವ ಬಂದಂತೆ ಆಗುವುದು ಇದರಿಂದಲೇ. ಹೀಗಿರುವಾಗ ‘ಶ್ವಾಸನಾಳ’ ಎಂದು ಬರೆದರೆ ರೋಗಿ ಗಂಟಲನ್ನು ಮುಟ್ಟಿ ನೋಡಿಕೊಳ್ಳುತ್ತಾನೆ. ನಾನು ಸದ್ಯಕ್ಕೆ ‘ಉಸಿರಿನ ಕವಲುಗೊಳವೆ’ ಎಂದು ಬರೆದಿದ್ದೇನೆ. ಪಠ್ಯಗಳಲ್ಲಿ ‘ಶ್ವಾಸನಾಳಿಕೆ’ ಎಂಬ ರೂಪವೂ ಇದೆ. ಆದರೆ ‘ನಾಳ’ ಮತ್ತು ‘ನಾಳಿಕೆ’ಗಳ ನಡುವಿನ ಅಂತರ ಸಾಮಾನ್ಯ ಓದುಗರಿಗೆ ಕೇಳಿಸುತ್ತದೆಯೇ ಎಂಬ ಅನುಮಾನ ನನಗಿದೆ.

ಇನ್ನು ‘ಹಿಗ್ಗಿಸು’. ಕಾದ ಕಬ್ಬಿಣ ಹಿಗ್ಗುತ್ತದೆ, ಬಲೂನು ಹಿಗ್ಗುತ್ತದೆ, ಮಗನಿಗೆ ಕೆಲಸ ಸಿಕ್ಕರೆ ತಾಯಿ ಹಿಗ್ಗುತ್ತಾಳೆ. ಎಲ್ಲ ಕಡೆಯೂ ಇದ್ದ ಅಳತೆಯನ್ನು ಮೀರುವ ಭಾವವೇ. ಬ್ರಾಂಕೋಡೈಲೇಟರ್‌ಗಳಲ್ಲೊಂದಾದ ಸಾಲ್ಬುಟಮಾಲ್ ಮಾಡುವುದು ಅದನ್ನಲ್ಲ. ಸ್ನಾಯುವಿನ ಮೇಲಿರುವ ಬೀಟಾ-2 ಗ್ರಾಹಕಗಳೆಂಬ, ಔಷಧ ಬಂದು ಕೂರುವ ತಾಣಗಳಿಗೆ ಅದು ಹೋಗಿ ಅಂಟುತ್ತದೆ, ಸ್ನಾಯು ಹಿಡಿತ ಬಿಡುತ್ತದೆ, ಕೊಳವೆ ತನ್ನ ಸಹಜ ಅಗಲಕ್ಕೆ ಮರಳುತ್ತದೆ. ಕೈಪಿಡಿಯ ಕರಡನ್ನು ಓದಿದ ಹಿರಿಯರೊಬ್ಬರು, ‘ದಿನಾ ಹೀಗೆ ಹಿಗ್ಗಿಸುತ್ತ ಹೋದರೆ ಕೊಳವೆ ಜೋತು ಬೀಳುವುದಿಲ್ಲವೇ?’ ಎಂದು ಕೇಳಿದರು. ಪದವನ್ನು ನಂಬಿ ಓದಿದವರು ಕೇಳಬೇಕಾದ ಪ್ರಶ್ನೆಯೇ ಅದು. ‘ಬಿಗಿತ ಸಡಿಲಿಸುವ ಔಷಧ’ ಎಂದು ತಿದ್ದಿ ಕೊಟ್ಟಾಗ ಆ ಭಯಕ್ಕೆ ಆಸ್ಪದವಿರಲಿಲ್ಲ. ‘ಎದೆ ಬಿಗಿ ಹಿಡಿದಿದೆ’ ಎಂದು ರೋಗಿಯೇ ಹೇಳುತ್ತಾನಲ್ಲ, ಅವನ ಮಾತಿಗೆ ನೇರ ಉತ್ತರವೂ ಅದೇ.

ಇದಕ್ಕೆ ವೈದ್ಯರ ಕಡೆಯಿಂದ ಒಂದು ಆಕ್ಷೇಪ ಬರಬಹುದು. ಆರೋಗ್ಯವಂತರಲ್ಲೂ ಆ ಸ್ನಾಯುವಿಗೆ ಸ್ವಲ್ಪ ಬಿಗಿ ಇದ್ದೇ ಇರುತ್ತದೆ, ಔಷಧ ಅದನ್ನೂ ತುಸು ಇಳಿಸುತ್ತದೆ, ಹಾಗಾಗಿ ‘ಅಗಲಗೊಳ್ಳುವುದು’ ನಿಜವೇ ಎಂದು. ಒಪ್ಪುತ್ತೇನೆ. ಆದರೂ ಹಾಗೆ ಅಗಲಗೊಳ್ಳುವುದು ಸಡಿಲತೆಯ ಫಲ. ನಡೆಯುವ ಕೆಲಸದ ಹೆಸರನ್ನೇ ಹೇಳಿಬಿಡುವುದು ಒಳ್ಳೆಯದು. ಅಂದಹಾಗೆ, ‘ಅಗಲಿಸು’ ಎಂಬ ಸಲಹೆಯೂ ಬಂದಿತ್ತು. ಅದಕ್ಕೆ ಬೇರ್ಪಡಿಸು ಎಂಬ ಅರ್ಥವೂ ಇರುವುದರಿಂದ ಕೈಬಿಟ್ಟೆ.

ಪದ ಇಷ್ಟು ಖಚಿತವಾಗಿರಬೇಕೆಂದು ನಾನು ಹಟ ಹಿಡಿಯಲು ಇನ್ನೊಂದು ಕಾರಣವಿದೆ. ಅಸ್ತಮಾದಲ್ಲಿ ಸ್ನಾಯುವಿನ ಬಿಗಿತದ ಜೊತೆಗೆ ಕೊಳವೆಯ ಒಳಪದರ ಉರಿಯೂತದಿಂದ ಊದಿಕೊಂಡಿರುತ್ತದೆ. ಸಾಲ್ಬುಟಮಾಲ್ ಕೆಲವೇ ನಿಮಿಷಗಳಲ್ಲಿ ಬಿಗಿ ಬಿಡಿಸಿ ನಾಲ್ಕರಿಂದ ಆರು ಗಂಟೆ ನೆಮ್ಮದಿ ಕೊಡುತ್ತದೆ, ಊತವನ್ನು ಮುಟ್ಟುವುದಿಲ್ಲ. ಊತಕ್ಕೆ ಬುಡೆಸೊನೈಡ್, ಬೆಕ್ಲೊಮೆಥಸೋನ್‌ನಂಥ ಸ್ಟೀರಾಯ್ಡ್ ಬೇಕು. ಜನರ ಬಾಯಲ್ಲಿ ಎರಡೂ ‘ಪಂಪು’. ತಕ್ಷಣ ಆರಾಮ ಕೊಡುವ ಪಂಪು ಒಳ್ಳೆಯದು, ಏನೂ ಅನ್ನಿಸದ ಪಂಪು ದಂಡ ಎಂದು ಎರಡನೆಯದನ್ನು ಬಿಡುವವರು ಎಷ್ಟೋ ಮಂದಿ. ಅಸ್ತಮಾದ ಅಂತರರಾಷ್ಟ್ರೀಯ ಮಾರ್ಗಸೂಚಿ 2019ರಿಂದ, ದೊಡ್ಡವರಿಗೂ ಹದಿಹರೆಯದವರಿಗೂ ಸಾಲ್ಬುಟಮಾಲ್ ಬಗೆಯ ಔಷಧವೊಂದನ್ನೇ ನೆಚ್ಚಿಕೊಳ್ಳುವ ಚಿಕಿತ್ಸೆ ಬೇಡ ಎನ್ನುತ್ತಿದೆ. ಕೈಪಿಡಿಯಲ್ಲಿ ಎರಡನ್ನೂ ‘ಅಸ್ತಮಾ ಔಷಧ’ ಎಂದು ಕರೆದುಬಿಟ್ಟರೆ ಈ ಎಚ್ಚರಿಕೆಯೇ ಕಳೆದುಹೋಗುತ್ತದೆ.

ಹಾಗೆಂದು ಬ್ರಾಂಕೋಡೈಲೇಟರನ್ನು ‘ಶಮನಕ’ (ತಕ್ಷಣ ಆರಾಮ ಕೊಡುವುದು) ಎಂದು ಕರೆಯುವುದನ್ನೂ ನಾನು ಒಪ್ಪಲಾರೆ. ಶಮನ ಎಂಬುದು ಔಷಧ ಯಾವ ಹೊತ್ತಿಗೆ ಒದಗುತ್ತದೆ ಎಂಬುದರ ಹೆಸರು, ಬಿಗಿ ಸಡಿಲಿಸುವುದು ಅದು ಮಾಡುವ ಕೆಲಸ. ಸಾಲ್ಮೆಟೆರಾಲ್ ಕೂಡ ಬಿಗಿ ಸಡಿಲಿಸುತ್ತದೆ, ಪರಿಣಾಮ 12 ಗಂಟೆ ನಿಲ್ಲುತ್ತದೆ. ಆದರೆ ನಿಧಾನಕ್ಕೆ ಕೆಲಸ ಶುರುಮಾಡುವುದರಿಂದ ಉಬ್ಬಸ ಏರಿದ ಹೊತ್ತಿನಲ್ಲಿ ಅದನ್ನು ನಂಬಿ ಕೂರುವಂತಿಲ್ಲ. ಎರಡು ಪದಗಳೂ ಬೇಕು, ಒಂದರ ಜಾಗದಲ್ಲಿ ಇನ್ನೊಂದು ಬರಬಾರದು. ‘ಕಫ ಕರಗಿಸುವ ಔಷಧ’ವಂತೂ ಬೇರೆಯೇ. ನಮ್ಮ ಹಿತ್ತಲಿನ ಆಡುಸೋಗೆಯಲ್ಲಿರುವ ವಾಸಿಸಿನ್ ಎಂಬ ಅಂಶದ ಜಾಡು ಹಿಡಿದು ರೂಪಿಸಿದ ಬ್ರೋಮ್‌ಹೆಕ್ಸಿನ್ ಈ ಗುಂಪಿನದು. ಕೆಲವು ಕೆಮ್ಮಿನ ಸಿರಪ್‌ಗಳಲ್ಲಿ ಅದನ್ನೂ ಟರ್ಬುಟಲಿನ್ ಎಂಬ ಸಡಿಲಕವನ್ನೂ ಒಟ್ಟಿಗೆ ಬೆರೆಸಿರುವುದರಿಂದ ಜನ ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ.

ಈಗ ನನ್ನನ್ನು ಹೆಚ್ಚು ಕಾಡುತ್ತಿರುವ ಕ್ರಿಯಾಪದಕ್ಕೆ ಬರುತ್ತೇನೆ. ಈ ಔಷಧವನ್ನು ಏನು ಮಾಡಬೇಕು? ‘ತೆಗೆದುಕೊಳ್ಳಿ’ ಎಂಬುದು ಕನ್ನಡದ ಎಲ್ಲ ಔಷಧ ಚೀಟಿಗಳಲ್ಲೂ ಇರುವ ಮಾತು. ಇಲ್ಲಿ ಅದು ಅಪಾಯಕಾರಿ. ಪುಡಿ ತುಂಬಿದ ಕ್ಯಾಪ್ಸೂಲನ್ನು ರೋಟಾಹೇಲರ್‌ನಂಥ ಸಾಧನಕ್ಕೆ ಹಾಕಿ, ತಿರುಗಿಸಿ, ಹೊರಬಿದ್ದ ಪುಡಿಯನ್ನು ಬಾಯಿಂದ ಒಳಗೆ ಎಳೆಯಬೇಕು. ‘ದಿನಕ್ಕೆ ಎರಡು ಕ್ಯಾಪ್ಸೂಲ್ ತೆಗೆದುಕೊಳ್ಳಿ’ ಎಂದು ಓದಿದವರು ನೀರು ಕುಡಿದು ನುಂಗುತ್ತಾರೆ. ಇದು ಕನ್ನಡಕ್ಕಷ್ಟೇ ಅಂಟಿದ ತೊಡಕಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೂ 2008ರಲ್ಲಿ, ಉಸಿರಿನೊಂದಿಗೆ ಎಳೆದುಕೊಳ್ಳಬೇಕಾದ ಟಿಯೊಟ್ರೋಪಿಯಂ ಮತ್ತು ಫಾರ್ಮೊಟೆರಾಲ್ ಕ್ಯಾಪ್ಸೂಲುಗಳನ್ನು ಜನ ನುಂಗುತ್ತಿದ್ದಾರೆಂದು ಎಚ್ಚರಿಕೆ ಹೊರಡಿಸಬೇಕಾಯಿತು.

ಕನ್ನಡಕ್ಕೆ ಇಲ್ಲಿ ಒಂದು ಅನುಕೂಲವಿದೆ: ‘ಸೇದು’. ಬಾವಿಯಿಂದ ನೀರು ಸೇದುತ್ತೇವೆ, ನಶ್ಯ ಸೇದುತ್ತೇವೆ. ಎಳೆದು ಒಳಗೆ ತಂದುಕೊಳ್ಳುವ ಭಾವ ಆ ಪದದಲ್ಲೇ ಇದೆ, ನುಂಗುವ ಭಾವ ಎಳ್ಳಷ್ಟೂ ಇಲ್ಲ. ‘ಒಂದು ಕ್ಯಾಪ್ಸೂಲಿನ ಪುಡಿ ಸೇದಿ’ ಎಂದರೆ ಗೊಂದಲಕ್ಕೆ ಜಾಗವೆಲ್ಲಿ? ಅಡ್ಡಿ ಒಂದೇ, ಬೀಡಿ ಸಿಗರೇಟುಗಳ ನೆನಪು. ಶ್ವಾಸಕೋಶದ ಕಾಯಿಲೆಯವರಿಗೆ ‘ಸೇದಿ’ ಎಂದು ಬರೆಯಲು ವೈದ್ಯರು ಹಿಂಜರಿಯುತ್ತಾರೆ. ಆ ಹಿಂಜರಿಕೆ ನನಗೆ ಅರ್ಥವಾಗುತ್ತದೆ. ಆದರೆ ಈ ಔಷಧದ ಇತಿಹಾಸವೇ ಸೇದುವುದರ ಇತಿಹಾಸ. ಉಬ್ಬಸಕ್ಕೆ ಉಮ್ಮತ್ತಿಯ ಹೊಗೆ ಸೇದುವ ಪದ್ಧತಿ ನಮ್ಮಲ್ಲಿತ್ತು. 1802ರ ಹೊತ್ತಿಗೆ ಅದು ಮದ್ರಾಸಿನಿಂದ ಬ್ರಿಟನ್ನಿಗೂ ಹೋಯಿತು. ಉಮ್ಮತ್ತಿ ವಿಷ, ಯಾರೂ ಪ್ರಯೋಗಿಸಬಾರದು. ಆದರೆ ಅದರಲ್ಲಿರುವ ಅಟ್ರೋಪಿನ್ನಿನಿಂದಲೇ ಮುಂದೆ ಇಪ್ರಟ್ರೋಪಿಯಂ ಎಂಬ ಸಡಿಲಕ ರೂಪುಗೊಂಡಿತು, ಇಂದು ದ್ರವ ಔಷಧವನ್ನು ಮಂಜಾಗಿಸುವ ನೆಬ್ಯುಲೈಸರ್‌ನಲ್ಲಿ ಸಾಲ್ಬುಟಮಾಲ್ ಜೊತೆ ಹಾಕುವ ಔಷಧ ಅದು.

ಒತ್ತುವ ಪಂಪಿನ ಬಗ್ಗೆ ನಾನು ಬರೆದಿರುವ ವಾಕ್ಯಗಳು ಹೀಗಿವೆ: ‘ಪಂಪನ್ನು ಚೆನ್ನಾಗಿ ಕುಲುಕಿ. ಉಸಿರನ್ನು ಪೂರ್ತಿ ಹೊರಗೆ ಬಿಡಿ. ಬಾಯಿಗೆ ಇಟ್ಟು ತುಟಿ ಮುಚ್ಚಿ. ಉಸಿರನ್ನು ನಿಧಾನವಾಗಿ ಒಳಗೆ ಸೇದಲು ತೊಡಗುತ್ತಲೇ ಒಂದು ಸಲ ಒತ್ತಿ, ಸೇದುತ್ತಲೇ ಇರಿ. ಹತ್ತು ಎಣಿಸುವ ತನಕ ಉಸಿರು ಹಿಡಿಯಿರಿ.’ ಇಲ್ಲಿ ‘ಸೇದಿ’ ಎಂಬಲ್ಲಿ ‘ಎಳೆದುಕೊಳ್ಳಿ’ ಎಂದು ಹಾಕಿದರೆ ಏದುಸಿರು ಎಳೆಯುವಂತೆ ಜೋರಾಗಿ ಎಳೆದುಬಿಡುತ್ತಾರೆ. ಈ ಪಂಪಿಗೆ ಬೇಕಿರುವುದು ನಿಧಾನ. ಪುಡಿಯ ಸಾಧನಕ್ಕೆ ಮಾತ್ರ ಜೋರಾದ ಎಳೆತ ಬೇಕು, ಅಲ್ಲಿ ‘ಜೋರಾಗಿ ಸೇದಿ’ ಎಂದೇ ಬರೆದಿದ್ದೇನೆ. ‘ಪಫ್’ ಪದವನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ಒಂದು ಒತ್ತಿಗೆ 100 ಮೈಕ್ರೊಗ್ರಾಂ ಎಂಬಂಥ ಲೆಕ್ಕದ ಜಾಗದಲ್ಲಿ ‘ಗುಟುಕು’ ಎಂದರೆ ಮತ್ತೆ ಕುಡಿಯುವುದರತ್ತ ಹೊರಳುತ್ತದೆ.

ಬಲ್ಲವರಲ್ಲಿ ಕೇಳುವುದಿಷ್ಟು. ‘ಬಿಗಿತ ಸಡಿಲಿಸುವ ಔಷಧ’ ಎಂಬುದನ್ನು ಪದೇ ಪದೇ ಬರೆಯಲು ಉದ್ದವಾಗುತ್ತದೆ. ‘ಸಡಿಲಕ’ ಎಂದು ಚಿಕ್ಕದು ಮಾಡಿದರೆ ನಿಮ್ಮ ಕಿವಿಗೆ ಒಗ್ಗುತ್ತದೆಯೇ? ‘ಉಬ್ಬಸ’, ‘ಗೂರಲು’, ‘ದಮ್ಮು’ ಈ ಮೂರರಲ್ಲಿ ನಿಮ್ಮ ಊರಿನವರು ಅಸ್ತಮಾಕ್ಕೆ ಯಾವುದನ್ನು ಹೇಳುತ್ತಾರೆ, ಬರೀ ಏದುಸಿರಿಗೆ ಯಾವುದನ್ನು? ‘ಸೇದು’ ಎಂಬುದನ್ನು ತಂಬಾಕಿನ ನಂಟಿಲ್ಲದೆ ಔಷಧಕ್ಕೆ, ಆವಿಗೆ, ಹಬೆಗೆ ಬಳಸುವ ರೂಢಿ ನಿಮ್ಮಲ್ಲಿದ್ದರೆ ಆಡುವ ವಾಕ್ಯವನ್ನು ಹಾಗೆಯೇ ಬರೆದು ಕಳುಹಿಸಿ. ಅಂಥ ವಾಕ್ಯಗಳು ಸಿಕ್ಕರೆ ವೈದ್ಯರ ಮುಂದಿಟ್ಟು ಒಪ್ಪಿಸುವುದು ನನಗೆ ಸುಲಭವಾಗುತ್ತದೆ.