ಸಹಾಯ ಬೇಕು: ಹಳೆಯ ರಕ್ತದ ಮಾದರಿಗಳಲ್ಲಿ ವೈರಸ್ ಎಷ್ಟು ಕಾಲ ಉಳಿಯುತ್ತದೆ?

ಉಡುಪಿಯ ಸಣ್ಣ ಪ್ರಯೋಗಾಲಯವೊಂದರಲ್ಲಿ ತಂತ್ರಜ್ಞೆಯಾಗಿದ್ದೇನೆ. ಗಾಳಿಮಳೆಗೆ ಕರೆಂಟು ಹೋಗಿ ಫ್ರೀಜರಿನ ಮಂಜುಗಡ್ಡೆ ಕರಗಿದಾಗ ತಳದಲ್ಲಿ ಹಳೆಯ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಬೇರ್ಪಡುವ ತಿಳಿ ದ್ರವ) ಟ್ಯೂಬುಗಳು ಸಿಕ್ಕಿವೆ. ಲೇಬಲ್‌ಗಳ ಶಾಯಿ ಹರಡಿದೆ, ಒಂದೆರಡರ ಮುಚ್ಚಳ ಬಿರುಕು ಬಿಟ್ಟಿದೆ. ತರಬೇತಿಗೆ ಬಂದ ಹುಡುಗಿಯರು, "ಇಷ್ಟು ಹಳೆಯದರಲ್ಲಿ ವೈರಸ್ ಎಲ್ಲಿರುತ್ತದೆ ಅಕ್ಕ?" ಎನ್ನುತ್ತಾರೆ. ನನಗೆ ಆ ಧೈರ್ಯ ಬರುತ್ತಿಲ್ಲ. ಒಣಗಿದ ರಕ್ತದಲ್ಲೇ ಹೆಪಟೈಟಿಸ್ ಬಿ ಕನಿಷ್ಠ 7 ದಿನ ಸೋಂಕು ತಗುಲಿಸಬಲ್ಲದು. ಕೊರೆಯುವ ಚಳಿ ಅದನ್ನು ಕೊಲ್ಲುವ ಬದಲು ಕಾಪಾಡುತ್ತದೆ. ವೈರಸ್ಸಿನ ಆನುವಂಶಿಕ ವಸ್ತುವನ್ನು ಹುಡುಕುವ ಪಿಸಿಆರ್ ಪರೀಕ್ಷೆಯಿಂದಲೂ ಉತ್ತರ ಸಿಗದು, ನಿಷ್ಕ್ರಿಯ ವೈರಸ್ಸಿನ ತುಣುಕುಗಳೂ ಅದರಲ್ಲಿ ಪಾಸಿಟಿವ್ ತೋರಿಸುತ್ತವೆ.

ಮೈನಸ್ 20 ಡಿಗ್ರಿಯಲ್ಲಿ ವರ್ಷಗಟ್ಟಲೆ ಇದ್ದು, ನಡುವೆ ಕರಗಿ ಮತ್ತೆ ಹೆಪ್ಪುಗಟ್ಟಿದ ಸೀರಮ್‌ನಲ್ಲಿ ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿಯ ಸೋಂಕುಶಕ್ತಿ ಎಷ್ಟು ಉಳಿಯುತ್ತದೆ? ಜೀವಕೋಶಗಳಲ್ಲಿ ಬೆಳೆಸಿ ನೋಡಿದ ಅಧ್ಯಯನಗಳಿದ್ದರೆ, ಮಣಿಪಾಲ ಅಥವಾ ಮಂಗಳೂರಿನ ವೈರಾಣು ತಜ್ಞರು ದಯವಿಟ್ಟು ತಿಳಿಸಿ. ಅಲ್ಲಿಯವರೆಗೆ ಆ ಟ್ಯೂಬುಗಳನ್ನು ಯಾರೂ ಬರಿಗೈಯಲ್ಲಿ ಮುಟ್ಟಲು ನಾನು ಬಿಡುವುದಿಲ್ಲ.